ಹಣ ಬರಬೇಕಾದವರ ಪಟ್ಟಿ

ಇಂಗ್ಲೆಂಡಿನ ದಕ್ಷಿಣ ಕರಾವಳಿಯ ಪೋರ್ಟ್ಸ್‌ಮತ್ ಫುಟ್‌ಬಾಲ್ ಕ್ಲಬ್ಬು 2010ರಲ್ಲಿ ದಿವಾಳಿಯ ಅಂಚಿಗೆ ಬಂತು. ಅದರ ಲೆಕ್ಕಪತ್ರ ನೋಡಲು ನೇಮಕಗೊಂಡ ಆಡಳಿತಾಧಿಕಾರಿಗಳು, ಕ್ಲಬ್ಬು ಯಾರ್ಯಾರಿಗೆ ಎಷ್ಟೆಷ್ಟು ಕೊಡಬೇಕಾಗಿದೆ ಎಂಬ ಪಟ್ಟಿಯೊಂದನ್ನು ಹೊರಗಿಟ್ಟರು. ಒಟ್ಟು ಬಾಕಿ ಸುಮಾರು 12 ಕೋಟಿ ಪೌಂಡು. ಬೇರೆ ಕ್ಲಬ್ಬುಗಳಿಗೆ, ಆಟಗಾರರಿಗೆ, ಅವರ ದಲ್ಲಾಳಿಗಳಿಗೆ, ತೆರಿಗೆ ಇಲಾಖೆಗೆ ಸಲ್ಲಬೇಕಾದ ದೊಡ್ಡ ದೊಡ್ಡ ಮೊತ್ತಗಳ ನಡುವೆ ಒಂದು ಸಣ್ಣ ಸಾಲು ಇತ್ತು: ಸೇಂಟ್ ಜಾನ್ ಆಂಬ್ಯುಲೆನ್ಸ್, 2,702 ಪೌಂಡು. ಪಂದ್ಯದ ದಿನ ಪ್ರೇಕ್ಷಕರಲ್ಲಿ ಯಾರಾದರೂ ತಲೆಸುತ್ತಿ ಬಿದ್ದರೆ, ಯಾರದ್ದಾದರೂ ಎದೆ ಹಿಡಿದುಕೊಂಡರೆ ಓಡಿಬಂದು ಆರೈಕೆ ಮಾಡುವ ಸ್ವಯಂಸೇವಕರ ಸಂಸ್ಥೆ ಅದು. ವಾರಕ್ಕೆ ಹತ್ತಾರು ಸಾವಿರ ಪೌಂಡು ಸಂಬಳ ಎಣಿಸುತ್ತಿದ್ದ ಕ್ಲಬ್ಬು ಅವರಿಗೆ ಕೊಡಬೇಕಾದ ಚಿಲ್ಲರೆಯನ್ನು ಕೊಟ್ಟಿರಲಿಲ್ಲ.

ನಾವು ಮುಂಬಯಿಯಲ್ಲಿ ಹೊಟೇಲು, ಕ್ಯಾಂಟೀನು ನಡೆಸಿ ಬದುಕಿದ ಕುಂದಾಪುರದ ಕಡೆಯ ಮೂವರು ಅಣ್ಣತಮ್ಮಂದಿರು. ಆ ಪಟ್ಟಿಯಲ್ಲಿ ಉಳಿದ ಯಾವ ಅಂಕಿಗೂ ನಿಲ್ಲದ ನಮ್ಮ ಕಣ್ಣು ಆ ಸಾಲಿನ ಮೇಲೆ ನಿಂತಿತು. ಅಪ್ಪಯ್ಯ ಆಗ ಇನ್ನೂ ಇದ್ದರು. ಓದಿ ಹೇಳಿದಾಗ, "ಅವ್ರಿಗೂ ಕೊಡ್ಲಿಲ್ಯಾ?" ಎಂದಷ್ಟೇ ಕೇಳಿ ಸುಮ್ಮನಾದರು.

ಪೋರ್ಟ್ಸ್‌ಮತ್ ನಿನ್ನೆ ಮೊನ್ನೆಯ ಕ್ಲಬ್ಬಲ್ಲ. ನೌಕಾಪಡೆಯ ಬಂದರಿನ ಊರು ಅದು. 1949 ಮತ್ತು 1950ರಲ್ಲಿ ಸತತ ಎರಡು ಬಾರಿ ಇಂಗ್ಲೆಂಡಿನ ಚಾಂಪಿಯನ್ ಆದ ತಂಡ. 1939ರಲ್ಲಿ ಎಫ್.ಎ. ಕಪ್ ಗೆದ್ದ ಮೇಲೆ ಯುದ್ಧ ಬಂದದ್ದರಿಂದ ಆ ಕಪ್ಪು ಏಳು ವರ್ಷ ಅವರಲ್ಲೇ ಉಳಿದಿತ್ತು. 2008ರಲ್ಲಿ ಮತ್ತೊಮ್ಮೆ ಅದೇ ಕಪ್ಪನ್ನು ಗೆದ್ದರು. ನೈಜೀರಿಯಾದ ಕಾನು ಹೊಡೆದ ಒಂದೇ ಗೋಲು. ನಮ್ಮ ಮನೆಯ ಮಕ್ಕಳು ಟೀವಿಯಲ್ಲಿ ಆ ಪಂದ್ಯ ನೋಡಿ ಆ ನೀಲಿ ಅಂಗಿಯ ತಂಡವನ್ನು ತಮ್ಮದೆಂದುಕೊಂಡರು, ಮಕ್ಕಳ ಹಿಂದೆ ನಾವೂ ಹೋದೆವು. ಆದರೆ ಆ ತಂಡದ ಬೆಲೆ ಆ ಊರಿನ ದುಡಿಮೆಗೆ ಮೀರಿದ್ದಾಗಿತ್ತು. ಫ್ರಾಟನ್ ಪಾರ್ಕ್ ಎಂಬ ಅವರ ಹಳೆಯ ಮೈದಾನದಲ್ಲಿ ಕೂರುವವರು ಇಪ್ಪತ್ತು ಸಾವಿರದಷ್ಟು ಜನ ಮಾತ್ರ. ಸಾಲದಲ್ಲಿ ಕಟ್ಟಿದ ಮನೆಯ ಹಂಚುಗಳನ್ನು ಒಂದೊಂದಾಗಿ ಕಿತ್ತು ಮಾರುವಂತೆ ಡೀಫೋ, ದಿಯಾರಾ, ಕ್ರೌಚ್, ಜಾನ್ಸನ್, ಕಾಬೂಲ್, ಬೆಗೊವಿಚ್ ಎಲ್ಲರನ್ನೂ ಮಾರಿದರು. ಪ್ರೀಮಿಯರ್ ಲೀಗಿನಲ್ಲಿರುವಾಗಲೇ ಆಡಳಿತಾಧಿಕಾರಿಯ ಕೈಗೆ ಹೋದ ಮೊದಲ ಕ್ಲಬ್ಬೆನಿಸಿಕೊಂಡರು. ಒಂಬತ್ತು ಅಂಕ ಕಡಿತವಾಯಿತು, ಹಿಂಬಡ್ತಿಯಾಯಿತು. ಅದೇ ಮಾರ್ಚಿನಲ್ಲಿ 85 ಮಂದಿ ನೌಕರರನ್ನು ಮನೆಗೆ ಕಳಿಸಿದರು. ಎರಡು ತಿಂಗಳ ನಂತರ ಅದೇ ತಂಡ ವೆಂಬ್ಲಿಯಲ್ಲಿ ಕಪ್ಪಿನ ಅಂತಿಮ ಪಂದ್ಯವನ್ನೂ ಆಡಿತು.

ಇಂಗ್ಲಿಷ್ ಫುಟ್‌ಬಾಲಿನಲ್ಲಿ ಒಂದು ಕಟ್ಟಳೆಯಿದೆ. ದಿವಾಳಿಯೆದ್ದ ಕ್ಲಬ್ಬು ಲೀಗಿನಲ್ಲಿ ಉಳಿಯಬೇಕಾದರೆ ಆಟಗಾರರ ಸಂಬಳ, ಬೇರೆ ಕ್ಲಬ್ಬುಗಳಿಗೆ ಕೊಡಬೇಕಾದ ಹಣ, ಅಂದರೆ ಫುಟ್‌ಬಾಲಿನ ಒಳಗಿನ ಬಾಕಿಯನ್ನು ಪೂರ್ತಿ ತೀರಿಸಬೇಕು. ಹೊರಗಿನವರಿಗೆ, ಅಂದರೆ ಅಚ್ಚು ಹಾಕಿಕೊಟ್ಟವನಿಗೆ, ಊಟ ಒದಗಿಸಿದವನಿಗೆ, ಆಂಬ್ಯುಲೆನ್ಸಿನವರಿಗೆ, ಆಗ ಸರಕಾರಕ್ಕೂ, ಪೌಂಡಿಗೆ ಇಷ್ಟು ಪೆನ್ನಿ ಎಂದು ಒಪ್ಪಂದ. ಪೋರ್ಟ್ಸ್‌ಮತ್ ಕೊಡಲು ಒಪ್ಪಿದ್ದು ಪೌಂಡಿಗೆ 20 ಪೆನ್ನಿ. ತೆರಿಗೆ ಇಲಾಖೆ ನ್ಯಾಯಾಲಯಕ್ಕೆ ಹೋಗಿ ಸೋತಿತು.

ಈ ಕಟ್ಟಳೆಯನ್ನು ಓದಿದ ದಿನ ನಮ್ಮಲ್ಲಿ ದೊಡ್ಡ ವಾದವೇ ಆಯಿತು. ಅದಕ್ಕೆ ಕಾರಣ ಬೇರೆಯೇ ಇತ್ತು.

ಎಂಬತ್ತರ ದಶಕದ ಕೊನೆಯಿಂದ ಕೆಲವು ವರ್ಷ ನಾವು ಮುಂಬಯಿಯ ಒಂದು ಕಂಪನಿಯ ಕ್ಯಾಂಟೀನಿನ ಕಂತ್ರಾಟು ಹಿಡಿದಿದ್ದೆವು. ಆ ಕಾಲದಲ್ಲಿ ಗಿರಣಿ, ಬ್ಯಾಂಕು, ಕಾರ್ಖಾನೆಗಳಿಗೆಲ್ಲ ಒಂದೊಂದು ಫುಟ್‌ಬಾಲ್ ತಂಡವಿರುತ್ತಿತ್ತು. ಕೂಪರೇಜಿನಲ್ಲಿ ಆಟ, ಬೆಳಿಗ್ಗೆ ಅಭ್ಯಾಸ, ಹಗಲು ಆಫೀಸಿನಲ್ಲಿ ಹೆಸರಿಗೆ ಗುಮಾಸ್ತಿಕೆ. 1891ರಲ್ಲಿ ಶುರುವಾದ ರೋವರ್ಸ್ ಕಪ್ಪು ಈ ಊರಿನದೇ. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ಇಲ್ಲಿಗೆ ಬಂದು, ಬ್ರಿಟಿಷ್ ಪಲ್ಟನ್ನುಗಳ ತಂಡಗಳೇ ಗೆಲ್ಲುತ್ತಿದ್ದ ಆ ಕಪ್ಪನ್ನು ಗೆದ್ದುಕೊಂಡು ಹೋಗಿತ್ತು, ಮರುವರ್ಷವೂ ಗೆದ್ದಿತ್ತು. ಇದನ್ನು ಅಪ್ಪಯ್ಯ ತಾನೇ ಗೋಲು ಹೊಡೆದವರ ಗತ್ತಿನಲ್ಲಿ ಆಟಗಾರರಿಗೆ ಹೇಳುತ್ತಿದ್ದರು. ತಂಡದವರು ಬೆಳಿಗ್ಗೆ ಬೆವರಿಳಿಸಿಕೊಂಡು ಬಂದು "ಅಣ್ಣಾ" ಎಂದು ಕರೆದರೆ ಹಾಲು, ಬಾಳೆಹಣ್ಣು, ಬೇಯಿಸಿದ ಮೊಟ್ಟೆ, ಬಿಸಿ ಇಡ್ಲಿ. ಪ್ರತಿಯೊಬ್ಬನೂ ಪುಸ್ತಕದಲ್ಲಿ ಸಹಿ ಹಾಕುತ್ತಿದ್ದ. ತಿಂಗಳ ಕೊನೆಗೆ ಬಿಲ್ಲು ಕಂಪನಿಗೆ ಹೋಗುತ್ತಿತ್ತು.

ಕಂಪನಿ ಕುಸಿಯತೊಡಗಿದಾಗ ಮೊದಲು ಗೊತ್ತಾದದ್ದು ನಮಗೆ. ಬಿಲ್ಲು ಒಂದು ತಿಂಗಳು ತಡವಾಯಿತು, ಆಮೇಲೆ ಮೂರು ತಿಂಗಳು. ಹಿರಿಯ ಆಟಗಾರರು ಒಬ್ಬೊಬ್ಬರಾಗಿ ಬೇರೆ ಕಂಪನಿಗಳಿಗೆ ಹೋದರು. ತಂಡ ಲೀಗಿನ ಮೊದಲ ದರ್ಜೆಯಿಂದ ಕೆಳಗಿಳಿಯಿತು. ತರಬೇತುದಾರರು, ಹಿಂದೆ ಗೋಲ್‌ಕೀಪರ್ ಆಗಿದ್ದವರು, ಹಟ ಬಿಡಲಿಲ್ಲ. ಮಾಹೀಮ್, ಆಂಟಾಪ್ ಹಿಲ್, ಕೋಳಿವಾಡಗಳಲ್ಲಿ ತಿರುಗಿ ಹುಡುಗರನ್ನು ಹುಡುಕಿ ತಂದರು. ಎಡಗಡೆಯ ರಕ್ಷಣೆಗೆ ಯಾರೂ ಸಿಗದೆ ಹೋದಾಗ ನಮ್ಮಲ್ಲಿ ಬಟ್ಟಲು ತೊಳೆಯುತ್ತಿದ್ದ ಬೈಂದೂರಿನ ಹುಡುಗನನ್ನು ಕೇಳಿದರು. ಅವನು ಕನ್ನಡ ರಾತ್ರಿಶಾಲೆಯ ತಂಡದಲ್ಲಿ ಆಡುತ್ತಿದ್ದ, ಎಡಗಾಲಿನವನು. ಅಪ್ಪಯ್ಯ ಅವನ ಬೆಳಗಿನ ಪಾಳಿಯನ್ನು ಮಧ್ಯಾಹ್ನಕ್ಕೆ ಬದಲಿಸಿದರು. ಆ ಒಂದು ವರ್ಷ ತಂಡ ಹೊಸದಾಗಿ ಕಟ್ಟಿಕೊಂಡಿತು. ಊಟವೆಲ್ಲ ನಮ್ಮ ಉದ್ರಿಯ ಮೇಲೆ ನಡೆಯಿತು. ಒಂಬತ್ತು ತಿಂಗಳ ಬಾಕಿ ಸೇರಿದ ಮೇಲೆ ಕಂಪನಿ ಬಾಗಿಲು ಹಾಕಿತು.

ಉದ್ರಿ ಪುಸ್ತಕದ ಪ್ರತಿಗಳನ್ನು ಲಗತ್ತಿಸಿ ಲಿಕ್ವಿಡೇಟರರ ಮುಂದೆ ಅರ್ಜಿ ಹಾಕಿದೆವು. ನಮ್ಮ ಕಾನೂನಿನಲ್ಲಿ ಕಾರ್ಮಿಕರ ಬಾಕಿ ಮತ್ತು ಆಸ್ತಿ ಒತ್ತೆಯಿಟ್ಟುಕೊಂಡವರ ಬಾಕಿ ಮೊದಲು. ಕ್ಯಾಂಟೀನಿನವನು ಸಾಲಿನ ತುದಿ. ನಮಗೆ ಒಂದು ಪೈಸೆಯೂ ಬರಲಿಲ್ಲ. ದಾದರಿನಲ್ಲಿದ್ದ ಸಣ್ಣ ಖೋಲಿಯನ್ನು ಮಾರಿ ದಿನಸಿಯವನ ಸಾಲ ತೀರಿಸಿದೆವು. ಕಾರ್ಮಿಕರು ಮುಂದೆ, ನಾವು ಹಿಂದೆ ಎಂಬುದರ ಬಗ್ಗೆ ಅಪ್ಪಯ್ಯನಿಗೆ ತಕರಾರಿರಲಿಲ್ಲ. ತಾವೂ ಹಿಂದೊಮ್ಮೆ ಹೊಟೇಲಿನಲ್ಲಿ ಸಂಬಳಕ್ಕೆ ದುಡಿದವರು.

ಹಾಗಾದರೆ ಪೋರ್ಟ್ಸ್‌ಮತ್ತಿನ ಆಟಗಾರ ಕಾರ್ಮಿಕನೋ ಅಲ್ಲವೋ? ನಮ್ಮ ದೊಡ್ಡಣ್ಣನ ಪ್ರಕಾರ ಸಂಬಳ ಎಂದ ಮೇಲೆ ಸಂಬಳವೇ. ಕರಾರು ಬರೆದುಕೊಟ್ಟವನ ತಪ್ಪಿಗೆ ಆಡಿದವನನ್ನು ಹಿಡಿಯಬಾರದು. ಕಿರಿಯವನ ಪ್ರಕಾರ ಆ ಕಟ್ಟಳೆ ಕಾರ್ಮಿಕನನ್ನು ಕಾಯುವುದಕ್ಕೆ ಹುಟ್ಟಿದ್ದಲ್ಲ. ಕಾರ್ಮಿಕರಾಗಿದ್ದ ಆ 85 ಮಂದಿಗಿಂತ ಆಟಗಾರ ಮೇಲೆ, ಯಾಕೆಂದರೆ ಇನ್ನೊಂದು ಕ್ಲಬ್ಬಿಗೆ ನಷ್ಟವಾದರೆ ಲೀಗಿನ ಅಂಗಡಿಯೇ ಮುಚ್ಚುತ್ತದೆ. ನಮಗೆ ಕಿರಿಯವನ ಮಾತೇ ಸರಿಯೆನಿಸುತ್ತದೆ, ಆದರೆ ದೊಡ್ಡಣ್ಣ ಇನ್ನೂ ಒಪ್ಪಿಲ್ಲ.

2012ರ ಫೆಬ್ರವರಿಯಲ್ಲಿ ಪೋರ್ಟ್ಸ್‌ಮತ್ ಎರಡನೆಯ ಸಲ ಆಡಳಿತಾಧಿಕಾರಿಯ ಕೈಗೆ ಬಿತ್ತು. ಹತ್ತು ಅಂಕ ಹೋಯಿತು, ಮೂರನೆಯ ದರ್ಜೆಗೆ ಇಳಿಯಿತು. ಆ ಬೇಸಿಗೆಯಲ್ಲಿ ಟ್ರೆವರ್ ಬರ್ಚ್ ಎಂಬ ಆಡಳಿತಾಧಿಕಾರಿಯ ಕೆಲಸ ತಂಡ ಕಟ್ಟುವುದಾಗಿರಲಿಲ್ಲ, ಬಿಚ್ಚುವುದಾಗಿತ್ತು. ದೊಡ್ಡ ಸಂಬಳದ ಆಟಗಾರರು ಒಪ್ಪಂದ ಮಾಡಿಕೊಂಡು ಹೊರಡದಿದ್ದರೆ ಕ್ಲಬ್ಬನ್ನೇ ಮುಚ್ಚಬೇಕಾಗಬಹುದು ಎಂದು ಅವರು ಬಹಿರಂಗವಾಗಿಯೇ ಎಚ್ಚರಿಸಿದ್ದರು. ಆಗಸ್ಟಿನ ಹೊತ್ತಿಗೆ ಅವರೆಲ್ಲ ಹೋದರು. ಉಳಿದವರು ಅಕಾಡೆಮಿಯ ಹುಡುಗರು. ಪ್ಲಿಮತ್ ವಿರುದ್ಧದ ಲೀಗ್ ಕಪ್ ಪಂದ್ಯದಲ್ಲಿ ಅವರೇ ಹೆಚ್ಚಾಗಿದ್ದ ತಂಡ 3–0ಯಿಂದ ಸೋತಿತು. ನಾಲ್ಕು ದಿನ ಕಳೆದು, ಆಗಸ್ಟ್ 18ರಂದು, ಬೋರ್ನ್‌ಮತ್ ಎದುರು ಲೀಗಿನ ಮೊದಲ ಪಂದ್ಯ. ಅಷ್ಟರೊಳಗೆ ವ್ಯವಸ್ಥಾಪಕ ಮೈಕಲ್ ಆಪಲ್‌ಟನ್ ಎಲ್ಲೂ ಕೆಲಸವಿಲ್ಲದ ಆಟಗಾರರನ್ನು ಕೂಡಿಹಾಕಿದ್ದರು. ಹಲವರು ಆ ವಾರವಷ್ಟೇ ಸಹಿ ಹಾಕಿದವರು, ಅದೂ ಒಂದು ತಿಂಗಳ ಕರಾರಿನ ಮೇಲೆ. ಪಂದ್ಯ 1–1 ಆಯಿತು.

ತಿಂಗಳ ಲೆಕ್ಕದ ಕೆಲಸಗಾರರನ್ನು ಇಟ್ಟುಕೊಂಡು ಅಡುಗೆಮನೆ ನಡೆಸಿದವರಿಗೆ ಆ ಸ್ಥಿತಿ ಗೊತ್ತು. ಮುಂದಿನ ತಿಂಗಳು ಇರುತ್ತೇನೋ ಇಲ್ಲವೋ ಎಂಬವನು ಪಕ್ಕದವನ ಕೈಗುಣ ಕಲಿಯುವುದಿಲ್ಲ. ರಕ್ಷಣೆಯ ನಾಲ್ವರು ಒಬ್ಬರನ್ನೊಬ್ಬರು ನೋಡದೆಯೇ ಒಟ್ಟಿಗೆ ಹೆಜ್ಜೆ ಮುಂದಿಡಬೇಕಾದರೆ ತಿಂಗಳುಗಟ್ಟಲೆ ಬೇಕು. ನವೆಂಬರಿನಲ್ಲಿ ಆಪಲ್‌ಟನ್ನರೂ ಬೇರೆಡೆಗೆ ಹೋದರು. ಗೈ ವಿಟಿಂಗ್‌ಹ್ಯಾಮ್ ಆ ಜಾಗಕ್ಕೆ ಬಂದರು; ಅವರು ಸೈನಿಕರಾಗಿದ್ದವರು, 1992–93ರಲ್ಲಿ ಇದೇ ಕ್ಲಬ್ಬಿಗಾಗಿ ಲೀಗಿನಲ್ಲಿ 42 ಗೋಲು ಹೊಡೆದವರು. ಆ ಋತುವಿನಲ್ಲಿ ತಂಡ ಸತತ 23 ಪಂದ್ಯ ಗೆಲುವಿಲ್ಲದೆ ಆಡಿತು. ಮತ್ತೆ ಹತ್ತು ಅಂಕ ಕಡಿತ, ಮತ್ತೆ ಹಿಂಬಡ್ತಿ. ನಾಲ್ಕು ಋತುಗಳಲ್ಲಿ ಮೂರನೆಯದು.

ಅದೇ ಹೊತ್ತಿಗೆ ಆ ಊರಿನವರು ಕ್ಲಬ್ಬನ್ನು ಕೊಂಡರು. ಅಭಿಮಾನಿಗಳ ಟ್ರಸ್ಟು ತಲಾ 1,000 ಪೌಂಡಿನ ಷೇರು ತೆರೆದಿತ್ತು. ಎರಡು ಸಾವಿರಕ್ಕೂ ಹೆಚ್ಚು ಜನ ಹಣ ಹಾಕಿದರು. ಒಬ್ಬರಿಗೇ ಆಗದ ಕಡೆ ನಾಲ್ಕಾರು ಜನ ಸೇರಿ ಒಂದು ಷೇರು ಹಿಡಿದರು, ನಮ್ಮಲ್ಲಿ ಚೀಟಿ ಹಾಕುವ ಹಾಗೆ. ಮೈದಾನವು ಹಳೆಯ ಮಾಲೀಕನ ಸಾಲಕ್ಕೆ ಒತ್ತೆಯಾಗಿತ್ತು, ಅದನ್ನು ಬಿಡಿಸಿಕೊಳ್ಳಲು ಲಂಡನ್ನಿನ ಹೈಕೋರ್ಟಿಗೆ ಅಲೆಯಬೇಕಾಯಿತು. 2013ರ ಏಪ್ರಿಲ್ 19ರಂದು ಕ್ಲಬ್ಬು ಅವರ ಕೈಗೆ ಬಂತು. ನಾಲ್ಕನೆಯ ದರ್ಜೆಯ ಆಟ ನೋಡಲು ಹತ್ತು ಸಾವಿರಕ್ಕೂ ಮಿಕ್ಕಿದ ಜನ ಇಡೀ ಋತುವಿನ ಟಿಕೇಟು ಮುಂಗಡವಾಗಿ ಕೊಂಡರು. ಆಟಗಾರರ ಸಂಬಳಕ್ಕೆ ದೊಡ್ಡ ಆಧಾರ ಅದೇ.

ಕಟ್ಟಳೆಯ ಕೊಂಕು ಕೂಡ ಅಲ್ಲೇ ಕಂಡಿತು. ಪ್ರೀಮಿಯರ್ ಲೀಗಿನ ಕಾಲದ ಆಟಗಾರರ ಬಾಕಿಯನ್ನು ಈ ಹೊಸ ಕ್ಲಬ್ಬು ಕಂತುಕಂತಾಗಿ ತೀರಿಸಬೇಕಾಗಿತ್ತು. ತಾನು ನಾಲ್ಕನೆಯ ದರ್ಜೆಯಲ್ಲಿ ಬಿಡುಗಡೆಯಾದ ಆಟಗಾರರನ್ನು ಹೆಕ್ಕುತ್ತಾ, ಹೋದವರಿಗೆ ಹಿಂದಿನ ಸಂಬಳ ಕೊಡುತ್ತಾ 2014ರ ಶರತ್ಕಾಲಕ್ಕೆ ಋಣಮುಕ್ತವಾಯಿತು. ಆ ಎರಡು ಋತುಗಳಲ್ಲಿ ತಂಡ 13ನೆಯ ಮತ್ತು 16ನೆಯ ಸ್ಥಾನಗಳಲ್ಲಿ ನಿಂತಿತು. ನೋಡಲು ಚಂದದ ಆಟವೇನೂ ಆಗಿರಲಿಲ್ಲ. ಅಕಾಡೆಮಿಯಿಂದ ಬಂದ ಜೆಡ್ ವಾಲೆಸ್ ಒಬ್ಬ ಬೆಳಗಿದ, 2015ರಲ್ಲಿ ಅವನನ್ನೂ ವುಲ್ವ್ಸ್‌ಗೆ ಮಾರಿದರು. ಅವನನ್ನು ಮಾರಿದ್ದು ಬೆಗೊವಿಚನನ್ನು ಮಾರಿದಂಥದ್ದಲ್ಲ: ಮೊದಲನೆಯದು ಬೆಂಕಿ ಬಿದ್ದ ಮನೆಯ ಪಾತ್ರೆ, ಎರಡನೆಯದು ಹಿತ್ತಲಲ್ಲಿ ಬೆಳೆದ ತೆಂಗಿನಕಾಯಿ.

ಪಾಲ್ ಕುಕ್ ಬಂದ ಮೇಲೆ ತಂಡಕ್ಕೆ ಒಂದು ನಡಿಗೆ ಸಿಕ್ಕಿತು. 2017ರ ಮೇ 6, ಋತುವಿನ ಕೊನೆಯ ದಿನ, ಚೆಲ್ಟನ್‌ಹ್ಯಾಮ್ ವಿರುದ್ಧ 6–1. ಅದೇ ಹೊತ್ತಿಗೆ ಡಾನ್‌ಕಾಸ್ಟರ್ ಸೋತಿತು, ಪ್ಲಿಮತ್ ಡ್ರಾ ಮಾಡಿತು. ಇಡೀ ಋತುವಿನಲ್ಲಿ ಅರ್ಧ ಗಂಟೆಯಷ್ಟು ಮಾತ್ರ ಪಟ್ಟಿಯ ತುದಿಯಲ್ಲಿದ್ದ ಪೋರ್ಟ್ಸ್‌ಮತ್ ಚಾಂಪಿಯನ್ ಆಯಿತು. ಡಾನ್‌ಕಾಸ್ಟರನ್ನು ಸೋಲಿಸಿ ಅವರಿಗೆ ಉಪಕಾರ ಮಾಡಿದ ಹಾರ್ಟ್ಲ್‌ಪೂಲ್ ಮಾತ್ರ ಅಂದೇ ಲೀಗಿನಿಂದ ಹೊರಬಿತ್ತು.

ಆ ಬೇಸಿಗೆಯಲ್ಲಿಯೇ ಅಭಿಮಾನಿಗಳು ಮತ ಹಾಕಿ, ದೊಡ್ಡ ಬಹುಮತದಿಂದ, ಡಿಸ್ನಿಯ ಹಿಂದಿನ ಮುಖ್ಯಸ್ಥ ಮೈಕಲ್ ಐಸ್ನರ್ ಅವರ ಕಂಪನಿಗೆ ಕ್ಲಬ್ಬನ್ನು ಮಾರಿದರು. ಹಳೆಯ ಮೈದಾನದ ದುರಸ್ತಿಗೂ ಮೇಲಿನ ದರ್ಜೆಯ ಸಂಬಳಕ್ಕೂ ಊರಿನ ಷೇರು ಸಾಲದು ಎಂಬುದು ಅವರ ಲೆಕ್ಕ. 2024ರಲ್ಲಿ 97 ಅಂಕ ಗಳಿಸಿ ತಂಡ ಮೂರನೆಯ ದರ್ಜೆಯನ್ನೂ ಗೆದ್ದು ಮೇಲೇರಿತು, ಲೆಕ್ಕ ಸರಿಯೇ ಇತ್ತೆನ್ನಬೇಕು. ಆದರೂ ಆ ಮತದಾನದ ವಿಷಯ ಬಂದರೆ ನಮ್ಮಲ್ಲಿ ಇಬ್ಬರು ಮಾರಬಾರದಿತ್ತು ಎನ್ನುತ್ತಾರೆ. ದೊಡ್ಡಣ್ಣನೊಬ್ಬ, ಹಾಕಿದ ಸಾವಿರ ಪೌಂಡು ಕೈಗೆ ವಾಪಸು ಬರುವುದಾದರೆ ತಾನು ಮೊದಲು ಕೈಯೆತ್ತುತ್ತಿದ್ದೆ ಎನ್ನುತ್ತಾನೆ. ದಾದರಿನ ಖೋಲಿಯ ಮಾರಾಟಪತ್ರಕ್ಕೆ ಅಂದು ಸಹಿ ಹಾಕಿದ್ದವನು ಅವನೇ.