ಗುಮ್ಮಟದ ಕೆಳಗೆ ಕುಳಿತವನು

ನಾನು ಸಿಂದಗಿಯಲ್ಲಿ ಇತಿಹಾಸ ಕಲಿಸುತ್ತಿದ್ದ ಕಾಲದಲ್ಲಿ ನಮ್ಮ ಪಾಲಿಗೆ ‘ಶಹರ’ವೆಂದರೆ ವಿಜಾಪುರವೇ. (2014ರಿಂದ ಅದು ವಿಜಯಪುರ, ನನ್ನ ನಾಲಗೆಗೆ ಇನ್ನೂ ರೂಢಿಯಾಗಿಲ್ಲ.) 1989ರಲ್ಲಿ ಒಂಬತ್ತನೆಯ ತರಗತಿಯವರನ್ನು ಅಲ್ಲಿಗೆ ಪ್ರವಾಸ ಕರೆದೊಯ್ದದ್ದು ನಿಮ್ಮಲ್ಲಿ ಕೆಲವರಿಗಾದರೂ ನೆನಪಿರಬೇಕು.

ಮೊದಲು ಮಲಿಕ್-ಎ-ಮೈದಾನ ತೋಪನ್ನು ಕಂಡೆವು. 1549ರಲ್ಲಿ ಅಹಮದನಗರದಲ್ಲಿ ಎರಕ ಹೊಯ್ದದ್ದು, ತೂಕ ಸುಮಾರು 55 ಟನ್. ಬಿಸಿಲಿನಲ್ಲಿಯೂ ತಣ್ಣಗಿರುತ್ತದೆಂದು ನಾನು ಹೇಳಿದ್ದನ್ನು ನೀವೆಲ್ಲ ಕೈಯಿಟ್ಟು ಪರೀಕ್ಷಿಸಿದಿರಿ. ಇಬ್ರಾಹಿಂ ರೋಜಾ ನೋಡಿದ ಮೇಲೆ ಗಿಡದ ನೆರಳಿನಲ್ಲಿ ಬುತ್ತಿ ಬಿಚ್ಚಿದೆವು. ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಎಣ್ಣೆಗಾಯಿ, ಗಟ್ಟಿ ಮೊಸರು. ಬಸವನ ಬಾಗೇವಾಡಿಯ ಕಡೆಯ ಹುಡುಗನೊಬ್ಬ ತಂದಿದ್ದ ಮಾದಲಿಗೆ ನಾವು ಶಿಕ್ಷಕರೂ ಕೈಯೊಡ್ಡಿದೆವು.

ಕೊನೆಗೆ ಗೋಳಗುಮ್ಮಟ. ಮೂಲೆಯ ಮಿನಾರಿನೊಳಗಿನ ಇಕ್ಕಟ್ಟಾದ ಮೆಟ್ಟಿಲುಗಳ ಬಳಿ ಒಬ್ಬ ಹುಡುಗ ನಿಂತುಬಿಟ್ಟ. ಪೋಲಿಯೊದಿಂದ ಅವನ ಒಂದು ಕಾಲು ಸೊರಗಿತ್ತು. “ಸರ್, ನಾ ಇಲ್ಲೇ ಕುಂಡ್ರತೀನ್ರಿ” ಎಂದ. ನಾನು ಮರುಮಾತಿಲ್ಲದೆ “ಹಂಗಾದ್ರ ಚೀಲಾ ನೋಡ್ಕೊಂತಿರಪ್ಪಾ” ಎಂದು ಮೆಟ್ಟಿಲೇರಿದೆ. ಜೊತೆಗೆ ಯಾರನ್ನಾದರೂ ಕೂರಿಸಬೇಕೆಂಬುದು ನನಗೆ ಹೊಳೆಯಲೇ ಇಲ್ಲ. ಮೇಲೆ ಪಿಸುಗುಟ್ಟಿದೆವು, ಕೂಗಿದೆವು, ಪ್ರತಿಧ್ವನಿಗಳನ್ನು ಎಣಿಸಿದೆವು.

ಮರುದಿನ ಪ್ರವಾಸದ ಪ್ರಬಂಧ ಬರೆಯಿಸಿದೆ. ಎಲ್ಲರದೂ ಏಳು ಪ್ರತಿಧ್ವನಿಯ ವರ್ಣನೆಯೇ. ಅವನೊಬ್ಬನು ಮಾತ್ರ ಕೆಳಗಿನ ಕಟ್ಟೆಯ ಗೋರಿಗಳನ್ನು ಕುರಿತು ಬರೆದಿದ್ದ: ಮಹಮ್ಮದ್ ಆದಿಲ್ ಶಾಹನ ಪಕ್ಕದಲ್ಲಿ ಬೇಗಮರು, ರಂಭಾ ಎಂಬ ನರ್ತಕಿ, ನಿಜವಾದ ಸಮಾಧಿಗಳಿರುವುದು ಕಟ್ಟೆಯ ಅಡಿಯ ನೆಲಮಾಳಿಗೆಯಲ್ಲಿ ಎಂದು ಕಾವಲುಗಾರ ಹೇಳಿದನಂತೆ. ಮೇಲಿನಿಂದ ನಾವು ಕೂಗಿದ ಯಾವ ಹೆಸರೂ ಕೆಳಗೆ ಸ್ಪಷ್ಟವಾಗಿ ಕೇಳಿಸಲಿಲ್ಲವೆಂದೂ, ತನ್ನ ಹೆಸರಿಗಾಗಿ ಕಿವಿಗೊಟ್ಟಿದ್ದೆನೆಂದೂ ಬರೆದಿದ್ದ. ನಾನು ಕೆಂಪು ಶಾಯಿಯಲ್ಲಿ ‘ವಿಷಯಾಂತರ’ ಎಂದು ಗೀಚಿ, ಹತ್ತಕ್ಕೆ ಐದು ಅಂಕ ಕೊಟ್ಟೆ.

ಕಳೆದ ಚಳಿಗಾಲದಲ್ಲಿ ಮೊಮ್ಮಗನೊಡನೆ ಮತ್ತೆ ಅಲ್ಲಿಗೆ ಹೋಗಿದ್ದೆ. ಮೊಣಕಾಲು ನೋವಿನಿಂದ ಮೆಟ್ಟಿಲೇರಲಾಗದೆ, ನೀರಿನ ಬಾಟಲಿ, ಚೀಲಗಳನ್ನು ಕಾಯುತ್ತ ಕೆಳಗೇ ಕುಳಿತೆ. ಒಂಬತ್ತನೆಯ ತರಗತಿಯ ಪಾಠವನ್ನು ಅಷ್ಟು ವರ್ಷ ಮಾಡಿದ್ದರೂ ಆ ಗೋರಿಗಳನ್ನು ಒಂದೊಂದಾಗಿ ನೋಡಿದ್ದು ಅಂದೇ. ಮೇಲಿನ ಗದ್ದಲ ಗುಮ್ಮಟದ ತುಂಬ ಗುಂಯ್‌ಗುಟ್ಟುತ್ತಿತ್ತು. ಹೌದು, ಒಂದು ಹೆಸರೂ ತಿಳಿಯುವುದಿಲ್ಲ.

ಅವನು ಈಗ ಇಂಡಿಯಲ್ಲಿ ನಿಂಬೆಹಣ್ಣಿನ ವ್ಯಾಪಾರ ಮಾಡುತ್ತಿರುವನೆಂದು ಕೇಳಿದ್ದೇನೆ. ನಿಮ್ಮಲ್ಲಿ ಯಾರಿಗಾದರೂ ಭೇಟಿಯಾದರೆ, ಸರ್ ಒಮ್ಮೆ ಮನೆಗೆ ಬರುತ್ತಾರಂತೆ ಎಂದು ತಿಳಿಸಿರಿ.