ತಳದ ತಗಡು

ಹಳೆಯ ಮೋಟಾರು ಕಾರನ್ನು ಮೆಚ್ಚುವವರು ಅದರ ಮೈಬಣ್ಣವನ್ನು ನೋಡುತ್ತಾರೆ, ದೀಪಗಳನ್ನು ನೋಡುತ್ತಾರೆ. ಬಗ್ಗಿ ತಳವನ್ನು ನೋಡುವವರು ವಿರಳ. ಅಂಬಾಸಡರ್ ಕಾರಿನ ಮಟ್ಟಿಗೆ ಇದು ಅನ್ಯಾಯವೇ ಸರಿ. ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮಾದರಿಯಲ್ಲಿ ಬಂಗಾಳದ ಉತ್ತರಪಾರದಲ್ಲಿ ತಯಾರಾಗುತ್ತಿದ್ದು 2014ರಲ್ಲಿ ನಿಂತುಹೋದ ಈ ಕಾರಿಗೆ ಲಾರಿಗಿರುವಂತೆ ಪ್ರತ್ಯೇಕ ಚಾಸಿ ಇಲ್ಲ. ಮೈಯೇ ಅದರ ಬೆನ್ನೆಲುಬು. ಕುಳಿತವರ ಭಾರವನ್ನು ತಳದ ತಗಡೂ ಅಂಚಿನ ತೊಲೆಗಳೂ ಕೂಡಿ ಹೊರುತ್ತವೆ.

ಚಾಮರಾಜನಗರದಲ್ಲಿರುವ ನನ್ನ ಭಾವನವರ ಅಂಬಾಸಡರಿನ ತಳವನ್ನು ತುಕ್ಕು ತಿಂದಿತ್ತು. ಮಳೆಗಾಲದಲ್ಲಿ ಗಾಜಿನ ರಬ್ಬರಿನ ಸಂದಿಯಿಂದ ಇಳಿದ ನೀರು ನೆಲಹಾಸಿನ ಕೆಳಗೆ ಸೇರಿ, ವಾರಗಟ್ಟಲೆ ಆರದೆ, ತಗಡನ್ನು ಒಳಗಿನಿಂದಲೇ ಸವೆಸುತ್ತದೆ. ಹಾಸನ್ನು ಎತ್ತಿದಾಗ ನೆಲವೇ ಕಾಣಿಸಿತು! ಕಾರನ್ನು ಲಾರಿಗೆ ಏರಿಸಿ ತೆರಕಣಾಂಬಿಯ ಮಾರ್ಗವಾಗಿ ಗುಂಡ್ಲುಪೇಟೆಗೆ ಒಯ್ದೆವು. ಊಟಿಗೂ ಕೇರಳಕ್ಕೂ ರಸ್ತೆಗಳು ಕವಲೊಡೆಯುವ ಆ ಊರಿನಲ್ಲಿ ಟಿಂಕರ್ ಕೆಲಸ ಬಲ್ಲ ಮೇಸ್ತ್ರಿಯೊಬ್ಬರಿದ್ದರು.

ಹಳೆಯದರ ಮೇಲೆ ಹೊಸ ತಗಡನ್ನು ಹೊದಿಸಿ ಬೆಸೆದರೆ ಸಾಲದೇ ಎಂದು ಭಾವನವರು ಕೇಳಿದರು. ಮೇಸ್ತ್ರಿ ಉತ್ತರಿಸದೆ ಚೂಪು ಸುತ್ತಿಗೆಯಿಂದ ತಳವನ್ನು ಬಡಿಯುತ್ತ ಹೋದರು. ಗಟ್ಟಿಯಿದ್ದಲ್ಲಿ ಖಣ್ ಎಂದಿತು. ಕೆಲವೆಡೆ ಸುತ್ತಿಗೆಯ ಮೊನೆ ಒಳಗಿಳಿಯಿತು.

"ಮುಚ್ಚಿದ್ರೆ ತುಕ್ಕು ಸಾಯೋದಿಲ್ಲ ಸ್ವಾಮಿ, ಒಳಗೇ ಬೆಳೀತದೆ. ಸೀಟು ನಿಂತಿರೋದು ಇದೇ ತಗಡಿನ ಮೇಲೆ. ಬಂಡೀಪುರದ ದಾರೀಲಿ ಬ್ರೇಕು ಒತ್ತಿದಾಗ ಸೀಟೇ ಕಿತ್ತು ಬಂದ್ರೆ?"

ಭಾವನವರು ಮರುಮಾತಾಡಲಿಲ್ಲ.

ತಳವನ್ನು ಕತ್ತರಿಸಿದಾಗ ಮೈ ಕುಸಿಯಬಾರದೆಂದು ಮೊದಲು ಬಾಗಿಲಿನ ಚೌಕಟ್ಟುಗಳಿಗೆ ಕಬ್ಬಿಣದ ಕೊಳವೆಗಳನ್ನು ಅಡ್ಡಲಾಗಿ ಬೆಸೆದರು. ಬ್ಯಾಟರಿಯನ್ನೂ ಪೆಟ್ರೋಲಿನ ಟ್ಯಾಂಕನ್ನೂ ಕಳಚಿ ದೂರವಿರಿಸಿದರು. ಒಂದು ಬದಿ ಮುಗಿಯುವ ತನಕ ಇನ್ನೊಂದನ್ನು ಮುಟ್ಟಲಿಲ್ಲ. ಹೊಸ ತಗಡಿನಲ್ಲಿ ಹಳೆಯದರಂತೆಯೇ ಉಬ್ಬುಗೆರೆಗಳನ್ನು ಬಡಿದು ಮೂಡಿಸಿದ್ದರು. ಗೆರೆಗಳು ಅಲಂಕಾರಕ್ಕಲ್ಲ, ಸಪಾಟಾದ ತಗಡು ಬೇಗ ಬಾಗುತ್ತದೆ. ಅದರ ದಪ್ಪ ಒಂದು ಮಿಲಿಮೀಟರಿಗಿಂತ ತುಸು ಹೆಚ್ಚು. ಬೆಸುಗೆಯನ್ನು ಒಂದೇ ಸಮನೆ ಎಳೆದರೆ ಕಾವಿಗೆ ತಗಡು ಹಪ್ಪಳದಂತೆ ಸೊಟ್ಟಗಾಗುತ್ತದೆ. ಆದ್ದರಿಂದ ಇಲ್ಲೊಂದು ಚುಕ್ಕಿ, ಗೇಣು ದೂರದಲ್ಲಿ ಇನ್ನೊಂದು. ಅವು ಆರಿದ ಮೇಲೆ ನಡುವೆ ಮತ್ತೊಂದು. ನೋಡುವವರಿಗೆ ಬೇಸರ ತರುವ ಕೆಲಸ. ರಂಗೋಲಿಗೆ ಚುಕ್ಕಿಯಿಡುವವರು ಮಾತ್ರ ಮೆಚ್ಚಿಯಾರು!

ಎರಡೂ ಬದಿ ಮುಗಿದು ಕೊಳವೆಗಳನ್ನು ತೆಗೆದ ಮೇಲೆ ಮೇಸ್ತ್ರಿ ನಾಲ್ಕು ಬಾಗಿಲುಗಳನ್ನೂ ಒಂದೊಂದಾಗಿ ತೆರೆದು ಮುಚ್ಚಿದರು. ನಾಲ್ಕೂ ಚೌಕಟ್ಟಿನಲ್ಲಿ ಸರಿಯಾಗಿ ಕುಳಿತವು. ಇನ್ನು ಉಳಿದದ್ದು ತುಕ್ಕು ತಡೆಯುವ ಕಪ್ಪು ಲೇಪ. ಹುಡುಗನೊಬ್ಬ ಕುಂಚವನ್ನು ಅದ್ದುವಷ್ಟರಲ್ಲಿ ಭಾವನವರು "ಸ್ವಲ್ಪ ತಾಳಪ್ಪ" ಎಂದು, ಗೋಣಿಚೀಲ ಹಾಸಿಕೊಂಡು ಕಾರಿನ ಕೆಳಗೆ ನುಸುಳಿದರು.