ಹಳಿ ಮುಗಿಯುವ ಊರಿಗೆ

ರೈಲುದಾರಿಗಳ ಭೂಪಟವನ್ನು ಬಿಡಿಸಿ ನೋಡಿದರೆ, ದಪ್ಪ ಗೆರೆಗಳಿಂದ ಅಲ್ಲಲ್ಲಿ ಸಣ್ಣ ಗೆರೆಗಳು ಕವಲೊಡೆದು, ಸ್ವಲ್ಪ ದೂರ ಹೋಗಿ, ಯಾವುದೋ ಒಂದು ಊರಿನ ಹೆಸರಿನ ಬಳಿ ನಿಂತುಬಿಡುವುದು ಕಾಣುತ್ತದೆ. ದಪ್ಪ ಗೆರೆಗಳು ದೆಹಲಿಗೂ ಮುಂಬಯಿಗೂ ಹೊರಟ ಅವಸರದವರ ಪಾಲು. ಸಣ್ಣ ಗೆರೆಗಳು ಸಂತೆಗೆ, ಕಾಲೇಜಿಗೆ, ಕೋರ್ಟಿಗೆ, ಮಗಳ ಮನೆಗೆ ಹೋಗುವವರ ಪಾಲು. ಛಾಯಾಗ್ರಹಣವನ್ನು ಹವ್ಯಾಸವಾಗಿ ಉಳ್ಳವರಲ್ಲಿ ರೈಲನ್ನೇ ಹಿಂಬಾಲಿಸುವ ಒಂದು ಪಂಗಡವುಂಟು. ಆ ಪಂಗಡದೊಳಗೆ ಈ ಸಣ್ಣ ಗೆರೆಗಳಿಗೆ ಮನಸೋತವರ ಒಂದು ಒಳಪಂಗಡವೂ ಉಂಟು. ಅಮೆರಿಕದಲ್ಲಿ ಸುಮಾರು 600 ಸಣ್ಣ ರೈಲು ಕಂಪೆನಿಗಳಿವೆ. ಅವುಗಳ ಇಂಜಿನುಗಳನ್ನು ಅರಸಿಕೊಂಡು ರಜೆಯ ದಿನಗಳಲ್ಲಿ ಹಳ್ಳಿಹಳ್ಳಿ ಅಲೆಯುವವರು ಅಲ್ಲಿ ಅನೇಕರು. ನಮ್ಮಲ್ಲಿ ಅಂಥ ಕಂಪೆನಿಗಳಿಲ್ಲ. ನಮಗಿರುವುದು ಕವಲುದಾರಿಗಳು. ಅವುಗಳಲ್ಲಿ ನನಗೆ ಪ್ರಿಯವಾದದ್ದು ಮೈಸೂರಿನಿಂದ ಚಾಮರಾಜನಗರಕ್ಕೆ ಹೋಗಿ ಮುಗಿಯುವ 61 ಕಿಲೋಮೀಟರ್ ದಾರಿ.

ಈ ದಾರಿ ಒಂದೇ ಬಾರಿಗೆ ಹುಟ್ಟಿದ್ದಲ್ಲ. ಮೈಸೂರಿನಿಂದ ನಂಜನಗೂಡಿಗೆ 1891ರಲ್ಲಿ ರೈಲು ಬಂದಿತು. ಅಲ್ಲಿಂದ ಚಾಮರಾಜನಗರವನ್ನು ಮುಟ್ಟಲು ಅದಕ್ಕೆ ಇನ್ನೂ 35 ವರ್ಷ ಬೇಕಾಯಿತು; 1926ರಲ್ಲಿ ಆ ಭಾಗ ತೆರೆಯಿತು. ಎರಡೂ ಒಂದು ಮೀಟರ್ ಅಗಲದ ಹಳಿಗಳು. 2008ರಲ್ಲಿ ದಾರಿಯೆಲ್ಲ ಬ್ರಾಡ್ ಗೇಜ್ ಆಗಿ, ಹಳಿಗಳ ನಡುವಣ ಅಂತರ 1676 ಮಿಲಿಮೀಟರಿಗೆ ಹಿಗ್ಗಿತು. ಪ್ರಯಾಣಿಕರಿಗೆ ಇದರಿಂದ ಅನುಕೂಲವೇ ಆಯಿತು. ಇಂದು ಚಾಮರಾಜನಗರದಲ್ಲಿ ಬಂಡಿ ಹತ್ತಿದವರು ನಡುವೆ ಇಳಿಯದೆ ತಿರುಪತಿಯನ್ನು ಸೇರಬಹುದು. ಆದರೆ ಹಿಗ್ಗಿದ ಆ 676 ಮಿಲಿಮೀಟರುಗಳ ಅಡಿಯಲ್ಲಿ ಒಂದು ಕಾಲವೇ ಹೂತುಹೋಯಿತೆಂಬುದನ್ನು ಛಾಯಾಗ್ರಾಹಕನು ಮರೆಯಲಾರ.

ಆ ಕಾಲದ ಅತ್ಯುತ್ತಮ ಸಾಕ್ಷಿ ನಂಜನಗೂಡಿನಲ್ಲಿದೆ. ಮೈಸೂರನ್ನು ಬಿಟ್ಟ ಬಂಡಿ ಚಾಮರಾಜಪುರ, ಅಶೋಕಪುರ, ಕಡಕೊಳ, ತಾಂಡವಪುರಗಳನ್ನು ದಾಟಿ ಬಂದರೆ ಕಪಿಲೆ ಅಡ್ಡವಾಗುತ್ತಾಳೆ. ಅವಳ ಮೇಲೆ ದಳವಾಯಿ ದೇವರಾಜಯ್ಯನವರು 1735ರಲ್ಲಿ ಕಟ್ಟಿಸಿದ ಕಲ್ಲಿನ ಸೇತುವೆಯೊಂದಿದೆ. ಕಟ್ಟಿದವರ ಮನಸ್ಸಿನಲ್ಲಿದ್ದದ್ದು ಎತ್ತಿನ ಗಾಡಿ, ಕುದುರೆ, ದಂಡು. ರೈಲೆಂಬ ವಸ್ತು ಆಗ ಪ್ರಪಂಚದಲ್ಲಿಯೇ ಇರಲಿಲ್ಲ. ಮುಂದೆ ಹಳಿ ಹಾಸುವವರು ಬಂದಾಗ ಅದೇ ಸೇತುವೆ ಉಗಿಬಂಡಿಗೂ ಬೆನ್ನು ಕೊಟ್ಟಿತು. ಒಂದು ಮಗ್ಗುಲಲ್ಲಿ ರೈಲು, ಇನ್ನೊಂದು ಮಗ್ಗುಲಲ್ಲಿ ಬಸ್ಸು, ಗಾಡಿ, ಕಾಲ್ನಡೆಯ ಜನ, ಕೆಳಗೆ ಕಮಾನುಗಳ ಸಾಲು, ಆಚೆ ಶ್ರೀಕಂಠೇಶ್ವರನ ಏಳು ನೆಲೆಯ ಗೋಪುರ: ಇಂಥ ದೃಶ್ಯ ದೇಶದಲ್ಲಿ ಇನ್ನೆಲ್ಲಿತ್ತೋ ತಿಳಿಯದು. ಈಗ ಬ್ರಾಡ್ ಗೇಜ್ ಬಂಡಿ ಪಕ್ಕದ ಹೊಸ ಸೇತುವೆಯ ಮೇಲೆ ಓಡುತ್ತದೆ. ಹಳೆಯದು ಸ್ಮಾರಕವಾಗಿ ನಿಂತಿದೆ. ಹೊಸ ಸೇತುವೆಯ ಬಂಡಿಯನ್ನೂ ಹಳೆಯ ಕಮಾನುಗಳನ್ನೂ ಒಂದೇ ಚೌಕಟ್ಟಿನೊಳಗೆ ಕೂಡಿಸುವ ಅವಕಾಶ ಇಂದಿಗೂ ಇದೆ. ಬೆಳಗ್ಗೆ ನದಿಯ ಮೇಲಣ ಮಂಜು ಕರಗುವ ಹೊತ್ತು ಅದಕ್ಕೆ ಪ್ರಶಸ್ತವಾದದ್ದು.

ನಂಜನಗೂಡಿನಿಂದ ಮುಂದಕ್ಕೆ ದಾರಿ ತನ್ನ ನಿಜವಾದ ಸ್ವರೂಪವನ್ನು ತೋರಿಸುತ್ತದೆ. ನರಸಾಂಬುಧಿ, ಕವಲಂದೆ, ಬದನಗುಪ್ಪೆ, ಮರಿಯಾಲ: ಹೆಸರುಗಳನ್ನು ಓದುತ್ತ ಹೋಗುವುದೇ ಒಂದು ಸುಖ. ಗಾಂಧೀಜಿಯವರು ಭೇಟಿಯಿತ್ತ ಖಾದಿ ಕೇಂದ್ರದ ಬದನವಾಳು ಈ ದಾರಿಯ ನೆರೆಯಲ್ಲಿಯೇ ಇದೆ. ರಂಗಕರ್ಮಿ ಪ್ರಸನ್ನ ಅವರು 2015ರಲ್ಲಿ ಸರಳ ಬದುಕಿಗಾಗಿ ಸತ್ಯಾಗ್ರಹ ನಡೆಸಿದ್ದು ಅಲ್ಲಿಯೇ. ಎರಡು ಕಡೆಯೂ ಕೆಂಪು ನೆಲ, ಕಪ್ಪು ನೆಲ, ಬಾಳೆ, ಅರಿಸಿನ, ಹಿಪ್ಪುನೇರಳೆಯ ತೋಟಗಳು. ಮೂಡಲಲ್ಲಿ ಬಿಳಿಗಿರಿರಂಗನ ಬೆಟ್ಟದ ನೀಲಿ ಸಾಲು ದಾರಿಯುದ್ದಕ್ಕೂ ಜೊತೆಗೆ ಬರುತ್ತದೆ. ದಾರಿ ಬಹುಮಟ್ಟಿಗೆ ತೆಂಕಣಕ್ಕೆ ಸಾಗುವುದರಿಂದ ಛಾಯಾಗ್ರಾಹಕನಿಗೆ ಲೆಕ್ಕ ಸುಲಭ. ಬೆಳಗ್ಗೆ ಹಳಿಯ ಮೂಡಣ ಕಡೆಗೆ ನಿಂತರೆ ಬಿಸಿಲು ಬೆನ್ನಿಗೆ ಬಂದು ಬಂಡಿಯ ಮೈಮೇಲೆ ಬೀಳುತ್ತದೆ. ಸಂಜೆ ಪಡುವಣ ಕಡೆಗೆ ನಿಲ್ಲಬೇಕು. ನಡುಹಗಲಿನಲ್ಲಿ ಯಾವುದಾದರೂ ಮರದಡಿ ಬುತ್ತಿ ಬಿಚ್ಚುವುದು ಲೇಸು. ಬಂಡಿಗಳ ಸಂಖ್ಯೆ ಹೆಚ್ಚಿಲ್ಲವಾದ್ದರಿಂದ ಒಂದು ತಪ್ಪಿತೆಂದರೆ ಇನ್ನೊಂದಕ್ಕೆ ಗಂಟೆಗಟ್ಟಲೆ ಕಾಯಬೇಕು. ಕವಲುದಾರಿಯ ಛಾಯಾಗ್ರಹಣದಲ್ಲಿ ಮೊದಲು ಕಲಿಯಬೇಕಾದ ಪಾಠವೇ ಈ ತಾಳ್ಮೆ.

ಎರಡನೆಯ ಪಾಠ ಎಚ್ಚರಿಕೆಯದು. ಹಳಿಯ ಮೇಲೆ ನಿಂತು ಚಿತ್ರ ತೆಗೆಯುವುದೂ ತೆಗೆಸಿಕೊಳ್ಳುವುದೂ ಈಗ ತರುಣರ ಗೀಳಾಗಿದೆ. ರೈಲ್ವೆ ಜಾಗದಲ್ಲಿ ಅಪ್ಪಣೆಯಿಲ್ಲದೆ ಅಡ್ಡಾಡುವುದು 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನ ಪ್ರಕಾರ ಅಪರಾಧ. ಕಾಯಿದೆಗಿಂತ ಮೊದಲು ಪ್ರಾಣಕ್ಕೇ ಅಪಾಯ. ಗೇಟಿನ ಹೊರಗಿನ ರಸ್ತೆ, ಹೊಲದ ಬದು, ಮೇಲುಸೇತುವೆ, ಪ್ಲಾಟ್‌ಫಾರಂ: ಇಷ್ಟು ಜಾಗ ಒಳ್ಳೆಯ ಚಿತ್ರಕ್ಕೆ ಧಾರಾಳವಾಗಿ ಸಾಕು. ಎದುರಿನಿಂದ ಬರುವ ಚಾಲಕನ ಕಣ್ಣಿಗೆ ಫ್ಲಾಷ್ ಬೆಳಕನ್ನು ಎರಚಬಾರದೆಂಬುದನ್ನು ಬೇರೆ ಹೇಳಬೇಕಾಗಿಲ್ಲ.

ಕೊನೆಗೆ ಚಾಮರಾಜನಗರ. ಇದರ ಹಳೆಯ ಹೆಸರು ಅರಿಕುಠಾರ. ತಮ್ಮ ತಂದೆ ಚಾಮರಾಜ ಒಡೆಯರು ಹುಟ್ಟಿದ ಊರೆಂದು ಮುಮ್ಮಡಿ ಕೃಷ್ಣರಾಜ ಒಡೆಯರು 1818ರಲ್ಲಿ ಈ ಹೆಸರನ್ನಿಟ್ಟರು. 1826ರಲ್ಲಿ ಚಾಮರಾಜೇಶ್ವರನ ದೇವಾಲಯವನ್ನು ಕಟ್ಟಿಸಿದರು. 1997ರಲ್ಲಿ ಊರು ಜಿಲ್ಲೆಯ ಮುಖ್ಯಸ್ಥಳವಾಯಿತು. ಅಧಿಕಾರದಲ್ಲಿರುವ ಮುಖ್ಯಮಂತ್ರಿಗಳು ಇಲ್ಲಿ ಕಾಲಿಟ್ಟರೆ ಕುರ್ಚಿ ಕಳೆದುಕೊಳ್ಳುತ್ತಾರೆಂಬ ಒಂದು ನಂಬಿಕೆ ಬಹುಕಾಲ ಬಳಕೆಯಲ್ಲಿತ್ತು. 2013ರಿಂದ 2018ರವರೆಗೆ ಮುಖ್ಯಮಂತ್ರಿಗಳಾಗಿದ್ದ ಸಿದ್ದರಾಮಯ್ಯನವರು ಮತ್ತೆ ಮತ್ತೆ ಇಲ್ಲಿಗೆ ಬಂದು, ಪೂರ್ಣಾವಧಿ ಮುಗಿಸಿ, ಅದನ್ನು ಸುಳ್ಳು ಮಾಡಿದರು. ರೈಲಂತೂ 1926ರಿಂದ ಬಂದುಹೋಗುತ್ತಲೇ ಇದೆ.

ಚಾಮರಾಜನಗರದ ಸ್ಟೇಷನ್ನಿನಲ್ಲಿ ನಾನು ಹೆಚ್ಚು ಹೊತ್ತು ಕಳೆಯುವುದು ಹಳಿ ಮುಗಿಯುವ ಕಡೆ ಮುಖ ಮಾಡಿ. ಇಲ್ಲಿಂದ ಸತ್ಯಮಂಗಲದ ಮೇಲೆ ಮೆಟ್ಟುಪಾಳಯಕ್ಕೆ ರೈಲು ಹೋಗಬೇಕೆಂಬ ಮಾತು ಬಹಳ ಹಳೆಯದು. ಹಿರಿಯರು ಅದನ್ನು ಕೇಳುತ್ತಲೇ ಮುದುಕರಾದರು. ನಡುವೆ ಇರುವುದು ಆನೆಯ ಕಾಡು, ಹುಲಿಯ ಕಾಡು. ಸತ್ಯಮಂಗಲವು 2013ರಲ್ಲಿ ಹುಲಿ ರಕ್ಷಿತಾರಣ್ಯವಾಯಿತು. ಆ ದಾರಿ ಆಗಲಿಲ್ಲ. ಆಗಿದ್ದರೆ ಒಳ್ಳೆಯ ಚಿತ್ರಗಳು ಸಿಕ್ಕುತ್ತಿದ್ದುವು, ನಿಜ. ಆದರೆ ಹಳಿಯ ಪಕ್ಕದಲ್ಲಿ ಬಿದ್ದ ಆನೆಯ ಚಿತ್ರವನ್ನು ತೆಗೆಯುವ ಆಸೆ ಯಾವ ಹವ್ಯಾಸಿಗೂ ಇರಲಾರದು.

ರೈಲು ನಿಂತಲ್ಲಿಂದ ಗುಂಡ್ಲುಪೇಟೆಗೆ ಬಸ್ಸೇ ಗತಿ. ತೆರಕಣಾಂಬಿಯ ಮೇಲೆ ಹೋಗುವ ಈ ದಾರಿ ಮುಂಗಾರಿನ ತಿಂಗಳುಗಳಲ್ಲಿ ಸೂರ್ಯಕಾಂತಿ, ಚೆಂಡುಹೂಗಳ ಹೊಲಗಳಿಂದ ಹಳದಿಯಾಗುತ್ತದೆ. ಕೇರಳದ ಕಡೆಯಿಂದ ಕಾರುಗಳಲ್ಲಿ ಬಂದವರು ಹೂವಿನ ನಡುವೆ ನಿಂತು ಚಿತ್ರ ತೆಗೆಸಿಕೊಳ್ಳುವುದನ್ನು ಆಗ ಕಾಣಬಹುದು. ವಿಜಯನಾರಾಯಣನ ಹಳೆಯ ಗುಡಿಯ ಈ ಊರಿಗೆ ರೈಲು ಬಂದದ್ದೇ ಇಲ್ಲ. ಇಲ್ಲಿ ಎರಡು ಹೆದ್ದಾರಿಗಳು ಕವಲೊಡೆಯುತ್ತವೆ: ಒಂದು ಸುಲ್ತಾನ್ ಬತ್ತೇರಿಯ ಮೇಲೆ ಕಲ್ಲಿಕೋಟೆಗೆ, ಇನ್ನೊಂದು ಬಂಡೀಪುರದ ಮೇಲೆ ಉದಕಮಂಡಲಕ್ಕೆ. 2009ರಿಂದ ರಾತ್ರಿ ಒಂಬತ್ತರಿಂದ ಬೆಳಗಿನ ಆರರವರೆಗೆ ಕಾಡಿನ ದಾರಿಯಲ್ಲಿ ವಾಹನ ಸಂಚಾರಕ್ಕೆ ನಿರ್ಬಂಧವಿದೆ.

ಗುಂಡ್ಲುಪೇಟೆಯ ಬಸ್ ನಿಲ್ದಾಣದಲ್ಲಿ ಕ್ಯಾಮೆರಾ ಹೊತ್ತವನನ್ನು ಕಂಡರೆ ಅವನು ಊಟಿಗೆ ಹೊರಟವನೆಂದೇ ಜನ ತಿಳಿಯುತ್ತಾರೆ. ಅದರಲ್ಲಿ ಆಶ್ಚರ್ಯವಿಲ್ಲ. ಪ್ರವಾಸಿಗಳ ರೈಲುಗಳಲ್ಲೆಲ್ಲ ಹೆಸರಾಂತ ನೀಲಗಿರಿಯ ಬೆಟ್ಟದ ರೈಲು ಅಲ್ಲಿದೆ. ಮೆಟ್ಟುಪಾಳಯದಿಂದ ಕೂನೂರಿಗೆ 1899ರಲ್ಲಿ, ಉದಕಮಂಡಲಕ್ಕೆ 1908ರಲ್ಲಿ ಬಂದ 46 ಕಿಲೋಮೀಟರ್ ದಾರಿ ಅದು. ಕಲ್ಲಾರಿನಿಂದ ಕೂನೂರಿನವರೆಗೆ ಹಳಿಗಳ ನಡುವೆ ಹಲ್ಲಿನ ಪಟ್ಟಿ; ಉಗಿ ಇಂಜಿನು ಹಿಂದಿನಿಂದ ಡಬ್ಬಿಗಳನ್ನು ತಳ್ಳುತ್ತ, ಹಲ್ಲಿಗೆ ಹಲ್ಲು ಕಚ್ಚಿ, ಸುಮಾರು ಹನ್ನೆರಡಡಿಗೆ ಒಂದಡಿಯ ಏರನ್ನು ಏರುತ್ತದೆ. 2005ರಲ್ಲಿ ಯುನೆಸ್ಕೋ ಅದನ್ನು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿತು. 1998ರ ಹಿಂದಿ ಚಿತ್ರ 'ದಿಲ್ ಸೇ'ಯ ಹಾಡೊಂದಕ್ಕೆ ಅದರ ಮೇಲೆಯೇ ಕುಣಿದರು. ನಾನೂ ಅದನ್ನು ನೋಡಿ ಸಂತೋಷಪಟ್ಟವನೇ. ಆದರೆ ಅದರ ಚಿತ್ರಗಳಿಗೆ ಕೊರತೆಯಿಲ್ಲ. ದಿನವೂ ನೂರಾರು ಮಂದಿ ತೆಗೆಯುತ್ತಾರೆ. ನಾಳೆ ಆ ರೈಲು ನಿಂತರೂ ಅದರ ಪ್ರತಿಯೊಂದು ತಿರುವೂ ಜಗತ್ತಿಗೆ ನೆನಪಿರುತ್ತದೆ. ಕವಲಂದೆಯ ಪ್ಲಾಟ್‌ಫಾರಮ್ಮಿಗೆ ಆ ಭಾಗ್ಯವಿಲ್ಲ.

ಎರಡು ವರ್ಷಗಳ ಹಿಂದೆ ನನ್ನ ತರಗತಿಯ ವಿದ್ಯಾರ್ಥಿನಿಯೊಬ್ಬಳು, ಈ ದಾರಿಯ ಒಂದು ಹಳ್ಳಿಯಿಂದ ದಿನವೂ ರೈಲಿನಲ್ಲಿ ಬರುವವಳು, ನನ್ನ ಹವ್ಯಾಸದ ಸುದ್ದಿ ತಿಳಿದು ಕೇಳಿದಳು: "ಸಾರ್, ನಮ್ ತಾತ ಈ ಲೈನಲ್ಲೇ ಗ್ಯಾಂಗ್‌ಮನ್ ಆಗಿದ್ರು. ನಮ್ಮೂರ ಹಳೇ ಸ್ಟೇಷನ್ ಫೋಟೋ ನಿಮ್ಮತ್ರ ಐತಾ? ಅಜ್ಜಿ ನೋಡ್ಬೇಕು ಅಂತಾರೆ." ತಾತ ತೀರಿಕೊಂಡಿದ್ದರು, ಮನೆಯಲ್ಲಿದ್ದದ್ದು ಪಿಂಚಣಿಯ ಕಾಗದಕ್ಕೆ ತೆಗೆಸಿದ ಒಂದು ಸಣ್ಣ ಮುಖಚಿತ್ರ ಮಾತ್ರ. ನಾನು ಪರಿಚಿತ ಹವ್ಯಾಸಿಗಳನ್ನೆಲ್ಲ ವಿಚಾರಿಸಿದೆ. ಮೀಟರ್ ಗೇಜಿನ ವೈ.ಪಿ. ಇಂಜಿನುಗಳ ಸುಂದರ ಚಿತ್ರಗಳು ಸಿಕ್ಕಿದುವು. ಹೊಗೆ, ಚಕ್ರ, ಹಿತ್ತಾಳೆಯ ಹೊಳಪು ಎಲ್ಲವೂ ಇದ್ದುವು. ಆ ಇಂಜಿನು ಓಡಿದ ಹಳಿಯನ್ನು ಬಿಸಿಲು ಮಳೆಗಳಲ್ಲಿ ಕಾಯ್ದವನು ಯಾವ ಚಿತ್ರದಲ್ಲಿಯೂ ಇರಲಿಲ್ಲ.

ಮುಂದಿನ ವಾರ ಆ ಹಳ್ಳಿಗೆ ಹೋಗಿ, ಹಳಿಯ ಬೇಲಿಯ ಹೊರಗೆ ನಿಂತು, ಸುತ್ತಿಗೆ ಸ್ಪ್ಯಾನರುಗಳನ್ನು ಹಿಡಿದು ದಾರಿಯ ತಪಾಸಣೆಗೆ ನಡೆದು ಬರುತ್ತಿದ್ದ ಕೀಮ್ಯಾನ್ ಒಬ್ಬರ ಚಿತ್ರವನ್ನು ಅವರ ಒಪ್ಪಿಗೆ ಕೇಳಿ ತೆಗೆದೆ. ಅಜ್ಜಿ ಅದನ್ನು ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. "ಹಳಿ ಬೇರೆ, ಬಟ್ಟೆ ಬೇರೆ. ಸುತ್ತಿಗೆ ಹೆಗಲ ಮ್ಯಾಲೆ ಮಡಿಕ್ಕಳದು ಮಾತ್ರ ಅಂಗೇ ಐತೆ ಕಣಪ್ಪಾ" ಎಂದರು. ರೈಲಿನ ಚಿತ್ರದಲ್ಲಿ ಏನಿರಬೇಕೆಂಬುದನ್ನು ನನಗೆ ಯಾವ ಪುಸ್ತಕವೂ ಇಷ್ಟು ಚೆನ್ನಾಗಿ ಕಲಿಸಿರಲಿಲ್ಲ.

ಈ ಮಾತನ್ನು ಬಲ್ಲ ದೊಡ್ಡ ಛಾಯಾಗ್ರಾಹಕರಿದ್ದರು. ಅಮೆರಿಕದ ಓ. ವಿನ್ಸ್‌ಟನ್ ಲಿಂಕ್ 1955ರಿಂದ 1960ರವರೆಗೆ ನಾರ್ಫೋಕ್ ಅಂಡ್ ವೆಸ್ಟರ್ನ್ ರೈಲಿನ ಕೊನೆಯ ಉಗಿ ಇಂಜಿನುಗಳನ್ನು, ಹೆಚ್ಚಾಗಿ ರಾತ್ರಿಯ ಹೊತ್ತು, ಸಾಲು ಸಾಲು ಫ್ಲಾಷ್ ಬಲ್ಬುಗಳನ್ನು ಹೂಡಿ ಚಿತ್ರಿಸಿದರು. 1956ರ ಅವರ ಪ್ರಸಿದ್ಧ ಚಿತ್ರವೊಂದರಲ್ಲಿ ಬಯಲು ಸಿನಿಮಾ, ಅದನ್ನು ಕಾರಿನಲ್ಲಿ ಕುಳಿತು ನೋಡುತ್ತಿರುವ ತರುಣ ಜೋಡಿ ಮುಂದೆ. ಇಂಜಿನು ಅವರ ಹಿಂದೆ ಹಾದುಹೋಗುತ್ತದೆ. ರೈಲಿನ ಜೊತೆಗೆ ಆ ಊರಿನ ಒಂದು ಸಂಜೆಯೂ ಉಳಿಯಿತು.

ಅಷ್ಟು ದೂರ ಹೋಗಬೇಕಾಗಿಲ್ಲ. ಶಿವಮೊಗ್ಗ ಜಿಲ್ಲೆಯ ಅರಸಾಳು ಎಂಬ ಪುಟ್ಟ ಸ್ಟೇಷನ್ನು ಶಂಕರ್ ನಾಗ್ ಅವರ 'ಮಾಲ್ಗುಡಿ ಡೇಸ್' ಧಾರಾವಾಹಿಯಲ್ಲಿ ಮಾಲ್ಗುಡಿಯ ಸ್ಟೇಷನ್ನಾಯಿತು. ಆ ದಾರಿಯೂ ಬ್ರಾಡ್ ಗೇಜ್ ಆಗಿ ಹಳೆಯ ಕಟ್ಟಡ ಪಾಳುಬಿದ್ದಾಗ, ಜನರ ಕಣ್ಣಿನಲ್ಲಿ ಉಳಿದಿದ್ದ ಆ ಚಿತ್ರವೇ ಅದರ ಕೈಹಿಡಿಯಿತು. ಕಟ್ಟಡವನ್ನು ದುರಸ್ತು ಮಾಡಿ 2020ರಲ್ಲಿ ಮಾಲ್ಗುಡಿ ವಸ್ತುಸಂಗ್ರಹಾಲಯವನ್ನಾಗಿ ಮಾಡಿದರು. ಕ್ಯಾಮೆರಾದ ಕಣ್ಣು ಬೀಳದ ಎಷ್ಟೋ ಸ್ಟೇಷನ್ನುಗಳು ಹೆಸರಿಲ್ಲದೆ ಹೋದುವು. ಮೈಸೂರಿನಲ್ಲಿ 1979ರಲ್ಲಿ ಸ್ಥಾಪಿತವಾದ ರೈಲ್ವೆ ವಸ್ತುಸಂಗ್ರಹಾಲಯಕ್ಕೆ ಮಕ್ಕಳನ್ನು ಕರೆದುಕೊಂಡು ಹೋಗಿ: ಉಗಿ ಇಂಜಿನುಗಳಿವೆ, 1899ರ ಮಹಾರಾಣಿಯವರ ಸಲೂನ್ ಬಂಡಿಯಿದೆ. ಮಹಾರಾಣಿಯವರು ಕುಳಿತ ಬಂಡಿಯನ್ನು ಸರಕಾರ ಕಾಪಾಡಿತು. ಮೂರನೆಯ ತರಗತಿಯಲ್ಲಿ ಕುಳಿತವರ ನೆನಪನ್ನು ಕಾಪಾಡುವ ಹೊಣೆ ಅವರ ಮೊಮ್ಮಕ್ಕಳದು.

ಅದಕ್ಕೆ ಬೆಲೆಬಾಳುವ ಸಲಕರಣೆ ಬೇಡ. ಪ್ರತಿ ಮನೆಯ ಫೋನಿನಲ್ಲಿಯೂ ಈಗ ಕ್ಯಾಮೆರಾ ಇದೆ. ಒಂದು ಭಾನುವಾರ ಮಕ್ಕಳೊಡನೆ ಮೈಸೂರಿನಲ್ಲಿ ಪ್ಯಾಸೆಂಜರ್ ಬಂಡಿ ಹತ್ತಿ ಚಾಮರಾಜನಗರಕ್ಕೆ ಹೋಗಿಬನ್ನಿ. ಇಂಜಿನಿನ ಚಿತ್ರ ಒಂದು ಸಾಕು. ಉಳಿದವುಗಳಲ್ಲಿ ಮೂರು ಭಾಷೆಗಳ ಹಳದಿ ಹೆಸರುಹಲಗೆ ಇರಲಿ, ಅದರ ಕೆಳಗೆ ಬರೆದಿರುವ ಸಮುದ್ರಮಟ್ಟದಿಂದ ಎತ್ತರವೂ ಇರಲಿ. ಬೆಂಚಿನ ಮೇಲೆ ಕುಳಿತ ಅಜ್ಜ, ಹೂವಿನ ಮೂಟೆ, ಹಸಿರು ಬಾವುಟ, ಗೇಟಿನ ಬಳಿ ಕಾದ ಎತ್ತುಗಳು ಇರಲಿ. ಜನರನ್ನು ಚಿತ್ರಿಸುವ ಮೊದಲು ಒಂದು ಮಾತು ಕೇಳಿ, ಬೇಡವೆನ್ನುವವರು ಕಡಮೆ. ಹಿರಿಯರ ಟ್ರಂಕಿನಲ್ಲಿರುವ ಹಳೆಯ ಚಿತ್ರಗಳನ್ನೂ ಒಮ್ಮೆ ತೆಗೆದು ನೋಡಿ. ಮದುವೆಯ ದಿಬ್ಬಣದ ಹಿಂದೆ ಮೀಟರ್ ಗೇಜಿನ ಡಬ್ಬಿಯೊಂದು ನಿಂತಿದ್ದರೂ ನಿಂತಿರಬಹುದು.

ಮನೆಗೆ ಬಂದ ಮೇಲೆ ಒಳ್ಳೆಯವೆನಿಸಿದ ನಾಲ್ಕು ಚಿತ್ರಗಳನ್ನು ಅಚ್ಚು ಹಾಕಿಸಿ, ಹಿಂಬದಿಯಲ್ಲಿ ಸ್ಟೇಷನ್ನಿನ ಹೆಸರು, ತಾರೀಖು, ಬಂಡಿಯ ಹೊತ್ತು, ಚಿತ್ರದಲ್ಲಿರುವವರ ಹೆಸರುಗಳನ್ನು ಪೆನ್ಸಿಲಿನಲ್ಲಿ ಬರೆದಿಡಿ. ಹಾಗೆಯೇ ಒಂದು ಪ್ರತಿಯನ್ನು ಆ ಚಿತ್ರದಲ್ಲಿರುವವರಿಗೂ ತಲುಪಿಸಿ.